ಪದಚರ್ಚೆ: ಮನೆಗಾಡಿಯ ‘ಚಾಸಿ’ ಬಗೆಗಳಿಗೆ ಕನ್ನಡದಲ್ಲಿ ಏನೆನ್ನೋಣ?

ಮಾನ್ಯರೇ,
ಶಿವಮೊಗ್ಗದಲ್ಲಿ ಬಸ್ಸುಗಳಿಗೆ ಬಾಡಿ ಕಟ್ಟುವವರೊಬ್ಬರು ಈಗ ಮನೆಗಾಡಿಗಳನ್ನು, ಅಂದರೆ ಒಳಗೇ ವಾಸಿಸಬಹುದಾದ ಮೋಟರ್‌ಹೋಮ್‌ಗಳನ್ನೂ ಕಟ್ಟಿಕೊಡಲು ಹೊರಟಿದ್ದು, ಗಿರಾಕಿಗಳ ಕೈಪಿಡಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಲ್ಯಾಡರ್ ಫ್ರೇಮ್, ಕಟ್‌ಅವೇ, ಸ್ಟ್ರಿಪ್ಡ್, ಮಾನೋಕಾಕ್ ಎಂಬ ನಾಲ್ಕು ಮಾತುಗಳ ಬಳಿ ನಿಂತುಬಿಟ್ಟಿದ್ದೇನೆ. ಸದ್ಯಕ್ಕೆ ಚಾಸಿಗೆ, ಅಂದರೆ ಎಂಜಿನ್, ಚಕ್ರ, ಬಾಡಿಗಳನ್ನು ಹೊರುವ ಗಾಡಿಯ ಅಡಿಭಾಗಕ್ಕೆ ‘ಅಡಿಗಟ್ಟು’, ಕಟ್‌ಅವೇಗೆ ‘ಕತ್ತರಿಸಿದ ಅಡಿಗಟ್ಟು’ ಎಂದು ಬರೆದಿದ್ದೇನೆ. ಶುಕ್ರವಾರ ಅಚ್ಚಿಗೆ ಹೋಗಬೇಕಾಗಿರುವುದರಿಂದ ಬೇಗ ತಿಳಿಸಿದರೆ ಉಪಕಾರವಾಗುತ್ತದೆ.
— ತೀರ್ಥಹಳ್ಳಿಯಿಂದ

‘ಅಡಿಗಟ್ಟು’ ಯಾರ ಬಾಯಲ್ಲೂ ಇಲ್ಲ. ‘ಚೌಕಟ್ಟು’ ಎಂಬ ಅಚ್ಚಗನ್ನಡ ಪದವಿರುವಾಗ ‘ಚಾಸಿ’ ಎಂಬ ಫ್ರೆಂಚ್ ಪದಕ್ಕೆ ಕೈಯೊಡ್ಡುವ ಅಗತ್ಯವಿಲ್ಲ.
— ಸಾಗರದಿಂದ

ಸಾಗರದ ಮಿತ್ರರ ಮಾತನ್ನು ನಾನು ಒಪ್ಪುವುದಿಲ್ಲ. ಚೌಕಟ್ಟಿನ ‘ಚೌ’ ಸಂಸ್ಕೃತದ ‘ಚತುರ್’ ಪ್ರಾಕೃತದ ದಾರಿಯಲ್ಲಿ ಸವೆದು ಬಂದ ರೂಪವಾಗಿರುವುದರಿಂದ ಅದನ್ನು ಅಚ್ಚಗನ್ನಡವೆನ್ನಲಾಗದು. ಫ್ರೆಂಚಿನಲ್ಲಿ ‘ಶಾಸಿ’ ಎಂದರೆ ಕಿಟಕಿಯ ಚೌಕಟ್ಟೂ ಹೌದು. ಆ ಲೆಕ್ಕದಲ್ಲಿ ಅವರ ಪದ ಅರ್ಥಕ್ಕೆ ಹೊಂದುತ್ತದೆ. ಆದರೆ ಶೆಡ್ಡಿನಲ್ಲಿ ಚೌಕಟ್ಟೆಂದರೆ ಕೆಲಸಗಾರ ಬಾಡಿಯ ಕಿಟಕಿಯನ್ನೇ ನೋಡುತ್ತಾನೆ. ‘ಚಾಸಿ ತಂದು ಬಾಡಿ ಕಟ್ಟಿಸಿದೆ’ ಎಂದು ಮಲೆನಾಡಿನ ಬಸ್ಸಿನ ಮಾಲೀಕರು ತಲೆಮಾರುಗಳಿಂದ ಆಡುತ್ತಿರುವಾಗ, ವಿಭಕ್ತಿಗೂ ಸಮಾಸಕ್ಕೂ ಒಗ್ಗಿದ ಆ ಪದವನ್ನು ಹೊರಗಿಡುವುದು ಅನ್ಯಾಯ.

‘ಕತ್ತರಿಸಿದ’ ಎಂಬುದನ್ನು ದಯವಿಟ್ಟು ಇಂದೇ ಅಳಿಸಿ. ಗ್ಯಾರೇಜಿನಲ್ಲಿ ‘ಚಾಸಿ ಕಟ್ಟಾಗಿದೆ’ ಎಂದರೆ ಉಕ್ಕು ಬಿರುಕುಬಿಟ್ಟು ಮುರಿದಿದೆ ಎಂದರ್ಥ. ನಂಬಿಕೆಯ ಗಾಡಿ ಆರಿಸಲು ಕೈಪಿಡಿ ಹಿಡಿದವನಿಗೆ ಇದಕ್ಕಿಂತ ಕೆಟ್ಟ ಪದ ಸಿಗಲಾರದು. ಕಟ್‌ಅವೇಯಲ್ಲಿ ಎಂಜಿನ್ನೂ ಚಾಲಕನ ಕೋಣೆಯೂ ಕಾರ್ಖಾನೆಯಿಂದಲೇ ಬರುತ್ತವೆ, ಕೋಣೆಯ ಹಿಂಗೋಡೆ ಮಾತ್ರ ತೆರೆದಿರುತ್ತದೆ. ಅಮೆರಿಕದ ಫೋರ್ಡ್ ಇ-450 ಈ ಬಗೆಯದು. ಇದನ್ನು ‘ಕ್ಯಾಬಿನ್ ಚಾಸಿ’ ಎಂದರೂ ಹಿಂಬದಿ ತೆರೆದಿರುವುದು ತಿಳಿಯದು. ‘ಹಿಂದೆರೆದ ಕ್ಯಾಬಿನ್ ಚಾಸಿ’ ಎನ್ನಿ, ಉದ್ದವಾದರೂ ಚಿಂತೆಯಿಲ್ಲ.

ಸ್ಟ್ರಿಪ್ಡ್‌ಗೆ ನಮ್ಮಲ್ಲಿ ಪದ ಆಗಲೇ ಇದೆ. ಭದ್ರಾವತಿಯ ಕಡೆಯಿಂದ ಗಾಜಿಲ್ಲದ, ಚಾವಣಿಯಿಲ್ಲದ ಬಸ್ಸಿನ ಚಾಸಿಯನ್ನು ತಲೆಗೆ ಟವೆಲ್ ಸುತ್ತಿಕೊಂಡ ಚಾಲಕ, ಕಟ್ಟಿದ ಹಲಗೆಯ ಮೇಲೆ ಕುಳಿತು ಮಳೆಯಲ್ಲಿ ನೆನೆಯುತ್ತ ತರುವುದನ್ನು ನೀವೂ ಕಂಡಿರುತ್ತೀರಿ. ಅದನ್ನು ಎಲ್ಲರೂ ‘ಬರೀ ಚಾಸಿ’ ಎನ್ನುತ್ತಾರೆ. ಫೋರ್ಡ್ ಎಫ್-53ರಂತೆ ಎಂಜಿನ್ ಮುಂದಿರುವುದೂ, ಫ್ರೈಟ್‌ಲೈನರ್ ಎಕ್ಸ್‌ಸಿಯಂತೆ ಡೀಸೆಲ್ ಎಂಜಿನ್ ಹಿಂದಿರುವುದೂ ಇದರ ಒಳಬಗೆಗಳು.

ಲ್ಯಾಡರ್ ಫ್ರೇಮ್ ‘ಏಣಿ ಚಾಸಿ’: ಎರಡು ಉದ್ದ ತೊಲೆ, ನಡುವೆ ಅಡ್ಡಪಟ್ಟಿಗಳು. ಆದರೆ ಇದನ್ನು ಉಳಿದವುಗಳ ಸಾಲಿನಲ್ಲಿ ನಾಲ್ಕನೆಯ ಬಗೆಯೆಂದು ಬರೆಯಬೇಡಿ. ಹಿಂದೆರೆದುದರ ಅಡಿಯಲ್ಲೂ ಬರೀ ಚಾಸಿಯಲ್ಲೂ ಇರುವುದು ಸಾಮಾನ್ಯವಾಗಿ ಏಣಿಯೇ. ಅದಕ್ಕೆ ಎದುರು ನಿಲ್ಲುವುದು ಮಾನೋಕಾಕ್. ಅಲ್ಲಿ ಬೇರೆ ಚಾಸಿಯಿಲ್ಲ, ತಗಡಿನ ಮೈಯೇ ಹೊರೆ ಹೊರುತ್ತದೆ. ‘ಸುಡುಗಾಡು’ ಎಂಬಂತೆ ಗಮಕ ಸಮಾಸವಾಗಿ ‘ಹೊರುಮೈ’ ಎನ್ನಬಹುದೆಂದು ನನಗೆ ತೋರುತ್ತದೆ. ಈ ಹೆಸರಿನಿಂದ ಉಪಯೋಗವೂ ಇದೆ: ಮೈಗೆ ಮನಬಂದಲ್ಲಿ ಕಿಟಕಿ ಕೊರೆದರೆ ಹೊರುವ ಬಲವೇ ಕುಗ್ಗುತ್ತದೆಂಬುದು ಓದುಗನಿಗೆ ಹೇಳದೆಯೇ ಹೊಳೆಯುತ್ತದೆ.

ಕೊನೆಯದಾಗಿ, ಕೈಪಿಡಿಯಲ್ಲಿ ‘ಒಟ್ಟು ತೂಕದ ಮಿತಿ’ ಮತ್ತು ‘ಹೇರಬಹುದಾದ ತೂಕ’ ಒಂದಕ್ಕೊಂದು ಬೆರೆಯಬಾರದು. ಮಿತಿಯಿಂದ ಕಟ್ಟಿ ಮುಗಿಸಿದ ಗಾಡಿಯ ತೂಕವನ್ನು ಕಳೆದರೆ ಉಳಿಯುವುದಷ್ಟೇ ಹೇರಲು ಸಿಗುವ ತೂಕ. 200 ಲೀಟರ್ ನೀರು ತುಂಬಿದರೆ ಅದರಲ್ಲಿ 200 ಕಿಲೋ ಅಲ್ಲೇ ಹೋಯಿತು. ಅಚ್ಚಿಗೆ ಕೊಡುವ ಮೊದಲು ‘ಹೊರುಮೈ’ ಪದವನ್ನು ಆ ಶೆಡ್ಡಿನ ವೆಲ್ಡಿಂಗ್ ಕೆಲಸಗಾರರಿಗೆ ಒಮ್ಮೆ ಓದಿ ತೋರಿಸಿ. ಅವರಿಗೆ ಅರ್ಥವಾಗದಿದ್ದರೆ ಮಾನೋಕಾಕ್ ಎಂದೇ ಇರಲಿ.
— ಹೊಸನಗರದಿಂದ