ಅಪ್ಪನಿಗೆ ಕ್ಯಾನ್ಸರ್ ಎಂದು ಹೇಳದೆ ಆಪರೇಷನ್ ಮಾಡುವುದಿಲ್ಲ ಎನ್ನುತ್ತಿದ್ದಾರೆ ವೈದ್ಯರು. ಇದು ಸರಿಯೇ?

ಪ್ರಶ್ನೆ: ಸೂಳೆಕೆರೆ ಕಡೆಯವನು

ನಮ್ಮ ತಂದೆಯವರಿಗೆ ಅರವತ್ತಾರು ವರ್ಷ. ಚನ್ನಗಿರಿ ತಾಲ್ಲೂಕಿನಲ್ಲಿ ಅಡಿಕೆ ತೋಟವಿದೆ. ಎಲೆ, ಅಡಿಕೆ, ಹೊಗೆಸೊಪ್ಪು ಅವರಿಗೆ ಪ್ರಾಯದಿಂದಲೂ ಬಿಡದ ಅಭ್ಯಾಸ. ಎಡಗೆನ್ನೆಯ ಒಳಗಿನ ಹುಣ್ಣು ಮಾಯದೆ, ರೊಟ್ಟಿಯ ತುತ್ತು ಒಳಗೆ ಹೋಗುವಷ್ಟೂ ಬಾಯಿ ತೆರೆಯದಂತಾದಾಗ ದಾವಣಗೆರೆಗೆ ಕರೆತಂದು ತುಂಡು ಪರೀಕ್ಷೆ ಮಾಡಿಸಿದೆವು. ಮೊದಲು ನೋಡಿದ ವೈದ್ಯರು ತಂದೆಯವರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ನನ್ನನ್ನೂ ಅಣ್ಣನನ್ನೂ ಒಳಗೆ ಕರೆದು, ಕ್ಯಾನ್ಸರ್ ದವಡೆಯ ಮೂಳೆಗೂ ಇಳಿದಿದೆ, ನಾಲ್ಕನೇ ಸ್ಟೇಜ್ ಎಂದರು. ತಂದೆಯವರಿಗೆ ನಾವು ಕೀವುಗಡ್ಡೆ, ಸಣ್ಣ ಆಪರೇಷನ್ ಎಂದಷ್ಟೇ ಹೇಳಿದ್ದೇವೆ.

ಅಲ್ಲಿಂದ ನಮ್ಮನ್ನು ಕ್ಯಾನ್ಸರ್ ಶಸ್ತ್ರಚಿಕಿತ್ಸಕರೊಬ್ಬರ ಬಳಿಗೆ ಕಳುಹಿಸಿದರು. ಅವರು ಮೊದಲು ಆಪರೇಷನ್, ಆಮೇಲೆ ಕರೆಂಟ್ (ವಿಕಿರಣ ಚಿಕಿತ್ಸೆ), ಅಗತ್ಯ ಬಿದ್ದರೆ ಕಿಮೋ ಎಂದು ಸಮಾಧಾನವಾಗಿಯೇ ವಿವರಿಸಿದರು. ಆದರೆ ಕಾಯಿಲೆ ಏನೆಂದು ತಂದೆಯವರಿಗೆ ತಿಳಿಸದೆ ಆಪರೇಷನ್ನಿಗೆ ದಿನಾಂಕ ಕೊಡುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ತಾಯಿಯವರು ಕೈಮುಗಿದು ಕೇಳಿಕೊಂಡರೂ ಬಗ್ಗಲಿಲ್ಲ. ನಿಜ ಗೊತ್ತಾದರೆ ಅಪ್ಪ ಎದೆಗುಂದಿ ಊಟವನ್ನೇ ಬಿಟ್ಟಾರು ಎಂಬುದು ನಮ್ಮ ಭಯ. ವೈದ್ಯರ ಈ ಹಟ ನಾಳೆ ತಮ್ಮ ಮೇಲೆ ಕೇಸು ಬೀಳದಿರಲೆಂಬ ಮುನ್ನೆಚ್ಚರಿಕೆಯೋ, ಇದೇ ಸರಿಯಾದ ಪದ್ಧತಿಯೋ? ಮನೆಯವರ ಮಾತಿಗೆ ಬೆಲೆ ಕೊಡುವ ಬೇರೆ ವೈದ್ಯರನ್ನು ಹುಡುಕಬೇಕೇ?

ಉತ್ತರ 1: ನಿವೃತ್ತ ಶುಶ್ರೂಷಕಿ, ದಾವಣಗೆರೆ

ಆ ಶಸ್ತ್ರಚಿಕಿತ್ಸಕರನ್ನು ಬಿಡಬೇಡಿ. ನಾನು ಹೆಚ್ಚಾಗಿ ವಿಕಿರಣ ವಿಭಾಗದಲ್ಲಿ ಕೆಲಸ ಮಾಡಿದವಳು. ಕೇಸಿನ ಭಯ ಅವರಿಗೆ ಇದ್ದರೂ ಇರಬಹುದು, ಆದರೆ ಅವರ ಹಟಕ್ಕೆ ಅದಕ್ಕಿಂತ ಗಟ್ಟಿಯಾದ ಕಾರಣ ಈ ಚಿಕಿತ್ಸೆಯಲ್ಲೇ ಇದೆ. ಕೆನ್ನೆಯ ಕ್ಯಾನ್ಸರ್ ದವಡೆಗೆ ಇಳಿದಿದ್ದರೆ ಮೂಳೆಯ ಭಾಗವನ್ನೂ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದು, ಎದೆಯಿಂದಲೋ ತೊಡೆಯಿಂದಲೋ ಕಾಲಿನಿಂದಲೋ ಮಾಂಸ, ಚರ್ಮ, ಕೆಲವೊಮ್ಮೆ ಮೂಳೆಯನ್ನೂ ತಂದು ಆ ಜಾಗವನ್ನು ತುಂಬುತ್ತಾರೆ. ಸಣ್ಣ ಗಡ್ಡೆ ಎಂದು ನಂಬಿ ಒಳಗೆ ಹೋದವರಿಗೆ ಎಚ್ಚರವಾದಾಗ ಮೂಗಿನಲ್ಲಿ ನಳಿಗೆ ಇರುತ್ತದೆ, ಒಮ್ಮೊಮ್ಮೆ ಉಸಿರಾಟಕ್ಕೆಂದು ಗಂಟಲಿನಲ್ಲಿಯೂ ಒಂದು ತೂತು ಇರುತ್ತದೆ. ನನಗೇನು ಮಾಡಿದಿರಿ ಎಂದು ಕೇಳಬೇಕೆಂದರೂ ಆಗ ಅವರಿಗೆ ಮಾತು ಹೊರಡುವುದಿಲ್ಲ.

ಆಪರೇಷನ್ ನಂತರದ ಕರೆಂಟ್ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರು ವಾರ ನಡೆಯುತ್ತದೆ. ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಒತ್ತಿ ಅಚ್ಚು ತೆಗೆದು, ಪ್ರತಿದಿನವೂ ಆ ಮುಖವಾಡವನ್ನು ತೊಡಿಸಿ ಮೇಜಿಗೆ ಬಿಗಿಯುತ್ತಾರೆ. ಕೋಣೆಯಲ್ಲಿ ರೋಗಿಯೊಬ್ಬರೇ ಅಲುಗಾಡದೆ ಮಲಗಿರಬೇಕು. ಎರಡು ಮೂರು ವಾರ ಕಳೆಯುವಷ್ಟರಲ್ಲಿ ಬಾಯೊಳಗೆಲ್ಲ ಹುಣ್ಣೆದ್ದು ಗುಟುಕು ನೀರೂ ಉರಿಯುತ್ತದೆ. ಇದನ್ನೆಲ್ಲ ಏಕೆ ತಡೆದುಕೊಳ್ಳಬೇಕು ಎಂಬುದೇ ಗೊತ್ತಿಲ್ಲದವರು, ಗಡ್ಡೆ ತೆಗೆದಾಯಿತಲ್ಲ, ಇನ್ನೇನು ಎಂದು ಚೀಲ ಹಿಡಿದು ಊರಿಗೆ ಹೊರಟುಬಿಡುತ್ತಾರೆ. ಅರ್ಧಕ್ಕೆ ನಿಂತ ಕರೆಂಟಿನಿಂದ ರೋಗ ಮರುಕಳಿಸುವ ಅಪಾಯ ಹೆಚ್ಚುತ್ತದೆ. ದವಡೆ ಬಿಗಿಯದಂತೆ ದಿನಕ್ಕೆ ಹಲವು ಸಲ ಬಾಯಿ ತೆರೆಯುವ ವ್ಯಾಯಾಮವನ್ನು ನೀವು ಅವರ ಪರವಾಗಿ ಮಾಡಲಾಗದು. ಬರೀ ಕೀವುಗಡ್ಡೆಯೆಂದು ತಿಳಿದವರು ಇಷ್ಟು ವರ್ಷದ ಹೊಗೆಸೊಪ್ಪನ್ನಾದರೂ ಏಕೆ ಬಿಟ್ಟಾರು? ಬರೀ ಅಡಿಕೆ ಹಾಕಿಕೊಂಡರೇನು ಎಂದು ಕೇಳುವವರು ನಮ್ಮ ಕಡೆ ಬಹಳ ಮಂದಿ. ಅಡಿಕೆಯೊಂದೇ ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲೇ ಪ್ರಕಟಿಸಿದೆ. ತೋಟದ ಮನೆಯಲ್ಲಿ ಈ ಮಾತು ರುಚಿಸದು ಎಂಬುದು ನನಗೂ ಗೊತ್ತು.

ಅಲ್ಲದೆ, ಕ್ಯಾನ್ಸರ್ ವಿಭಾಗ ಎಂದು ದೊಡ್ಡಕ್ಷರದ ಬೋರ್ಡು ಇರುವ ಕಡೆ ಅವರನ್ನು ತಾಸುಗಟ್ಟಲೆ ಕೂರಿಸಿ, ಅವರಿಗೇನೂ ತಿಳಿದಿಲ್ಲ ಎಂದು ನೀವು ಅಂದುಕೊಂಡಿದ್ದೀರಿ.

ಉತ್ತರ 2: ಹರಿಹರದವ

ಹೇಳಬೇಕು ಎಂಬುದನ್ನು ಒಪ್ಪುತ್ತೇನೆ. ಆದರೆ ವೈದ್ಯರೆಲ್ಲರಿಗೂ ಹೇಳಲು ಬರುತ್ತದೆ ಎಂಬ ನಂಬಿಕೆ ನನಗಿಲ್ಲ. ನಮ್ಮ ಚಿಕ್ಕಪ್ಪನವರಿಗೆ ಅನ್ನನಾಳದ ಕ್ಯಾನ್ಸರ್ ಆದಾಗ, ಒಂದು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ, ಹಿಂದೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸುವಂತೆ, ಫೈಲಿನಿಂದ ತಲೆ ಎತ್ತದೆ, ಆರು ತಿಂಗಳು ಎಂದು ಹೇಳಿ ಮುಂದಿನವರ ಹೆಸರು ಕೂಗಿಸಿದರು. ಚಿಕ್ಕಪ್ಪ ಬಸ್ಸು ಹರಿಹರ ಮುಟ್ಟುವವರೆಗೂ ತುಟಿ ಬಿಚ್ಚಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ರೋಗಿಗಳು ಮುತ್ತಿಕೊಂಡಿರುವಾಗ ಒಬ್ಬೊಬ್ಬರಿಗೆ ಎಷ್ಟು ಹೊತ್ತು ಕೊಡಲು ಸಾಧ್ಯ ಎಂಬ ವಾದ ನನಗೂ ಅರ್ಥವಾಗುತ್ತದೆ. ಬಾಗಿಲು ಹಾಕಲು ಮಾತ್ರ ಹೊತ್ತೇನೂ ಬೇಕಿರಲಿಲ್ಲ. ಯಾರು ಹೇಳುತ್ತಾರೆ, ಎಲ್ಲಿ, ಎಷ್ಟು ಹೊತ್ತು ಎಂಬುದನ್ನು ಮೊದಲೇ ಕೇಳಿಕೊಂಡು ಅನಂತರ ತಂದೆಯವರನ್ನು ಕರೆದೊಯ್ಯಿರಿ.

ಉತ್ತರ 3: ವಿಕಿರಣ ಚಿಕಿತ್ಸೆಯ ವೈದ್ಯ, ಚಿತ್ರದುರ್ಗ ಮೂಲ

ಹರಿಹರದವರ ದೂರು ನ್ಯಾಯವಾದದ್ದು. ಕೆಟ್ಟ ಸುದ್ದಿ ಹೇಳುವುದಕ್ಕೂ ಒಂದು ಕ್ರಮವಿದೆ. 2000ರಲ್ಲಿ ಪ್ರಕಟವಾದ ಸ್ಪೈಕ್ಸ್ ಎಂಬ ಆರು ಹಂತಗಳ ವಿಧಾನದಲ್ಲಿ, ವೈದ್ಯರು ಏನನ್ನಾದರೂ ಹೇಳುವ ಮೊದಲು ಮರೆಯಿರುವ ಜಾಗದಲ್ಲಿ ಕುಳಿತು, ತನಗೇನಾಗಿದೆಯೆಂದು ರೋಗಿ ತಿಳಿದಿದ್ದಾರೆ, ಇನ್ನೆಷ್ಟು ತಿಳಿಯಲು ಬಯಸುತ್ತಾರೆ ಎಂದು ಕೇಳಬೇಕು. ಎಲ್ಲವನ್ನೂ ಮಗನಿಗೆ ಹೇಳಿ, ನನಗೆ ಬೇಡ ಎಂದು ನಿಮ್ಮ ತಂದೆಯವರೇ ಹೇಳಿದರೆ ನಾವು ಒತ್ತಾಯಿಸುವುದಿಲ್ಲ. ಆ ತೀರ್ಮಾನವನ್ನು ಅವರ ಬದಲು ನೀವು ಮಾಡುವಂತಿಲ್ಲ, ಅಷ್ಟೆ. ಕೇಸಿನ ವಿಚಾರ ಕೇಳಿದ್ದೀರಿ: 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತುರ್ತು ಸ್ಥಿತಿಯಲ್ಲದಾಗ, ಸ್ವಂತ ನಿರ್ಧಾರ ಮಾಡಬಲ್ಲ ವಯಸ್ಕ ರೋಗಿಯ ಪರವಾಗಿ ಮನೆಯವರು ಕೊಟ್ಟ ಒಪ್ಪಿಗೆ ಸಲ್ಲದು ಎಂದಿದೆ. ಅಲ್ಲಿ ಒಪ್ಪಿಗೆ ಕೊಟ್ಟಿದ್ದವರು ರೋಗಿಯ ಸ್ವಂತ ತಾಯಿ.

ನಿಮ್ಮನ್ನು ಹೆಚ್ಚು ಹೆದರಿಸಿರುವುದು ನಾಲ್ಕನೇ ಸ್ಟೇಜ್ ಎಂಬ ಮಾತು ಎಂದು ಕಾಣುತ್ತದೆ. ಮೊದಲ ವೈದ್ಯರು ಅದನ್ನು ಬಿಡಿಸಿ ಹೇಳಬೇಕಿತ್ತು. ಬಾಯಿಯ ಕ್ಯಾನ್ಸರ್ ದವಡೆ ಮೂಳೆಯನ್ನು ಕೊರೆದು ಒಳಹೊಕ್ಕಿದ್ದರೆ, ದೇಹದ ಬೇರೆಲ್ಲಿಗೂ ಹರಡದಿದ್ದರೂ, ನಾವು ನಾಲ್ಕು-ಎ ಎಂದು ಬರೆಯುತ್ತೇವೆ. ಶ್ವಾಸಕೋಶದಂಥ ದೂರದ ಅಂಗಕ್ಕೆ ಹರಡಿದ್ದರೆ ಅದು ನಾಲ್ಕು-ಸಿ. ಇವೆರಡಕ್ಕೂ ಅಜಗಜಾಂತರ, ನಾಲ್ಕು-ಎ ಹಂತದವರಿಗೆ ಆಪರೇಷನ್ ಮಾಡುವುದು ಗುಣಪಡಿಸುವ ಉದ್ದೇಶದಿಂದಲೇ. ನಿಮ್ಮ ಶಸ್ತ್ರಚಿಕಿತ್ಸಕರು ದಿನಾಂಕದ ಮಾತಾಡುತ್ತಿದ್ದಾರೆ ಎಂದರೆ ಬಹುಶಃ ಇದೇ ಲೆಕ್ಕ. ಎ ಯೋ ಸಿ ಯೋ ಎಂದು ಅವರನ್ನೇ ಕೇಳಿ. ನೀವು ಅಪ್ಪನಿಗೆ ಹೇಳಲು ಅಂಜುತ್ತಿರುವ ಸುದ್ದಿ ನೀವು ಅಂದುಕೊಂಡಷ್ಟು ಕೆಟ್ಟದ್ದಲ್ಲದೆ ಇರಬಹುದು.

ಆಪರೇಷನ್ನಿಗೆ ಮೊದಲೇ ದಂತವೈದ್ಯರಿಗೂ ತೋರಿಸಿ. ಹುಳುಕು ಹಲ್ಲು ಕೀಳುವುದಿದ್ದರೆ ಕರೆಂಟ್ ಶುರುವಾಗುವ ಮುಂಚೆಯೇ ಆಗಬೇಕು; ಆಮೇಲೆ ಕಿತ್ತರೆ ದವಡೆಯ ಗಾಯ ಮಾಯದೆ ಮೂಳೆ ಸಾಯುವ ಅಪಾಯವಿದೆ. ಬಿಪಿಎಲ್ ಕಾರ್ಡು ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅವಕಾಶವಿದೆ.

ಪ್ರಶ್ನೆ ಕೇಳಿದವರು: ಸೂಳೆಕೆರೆ ಕಡೆಯವನು

ಎಲ್ಲರಿಗೂ ಕೃತಜ್ಞತೆಗಳು. ಎ, ಸಿ ಎಂಬ ವ್ಯತ್ಯಾಸವಿದೆ ಎಂದೇ ನಮಗೆ ಯಾರೂ ಹೇಳಿರಲಿಲ್ಲ. ಫೈಲು ತೆಗೆದು ನೋಡಿದೆ, ನಾಲ್ಕು-ಎ ಎಂದೇ ಇದೆ. ಅಣ್ಣ ಒಪ್ಪಿದ್ದಾನೆ. ತಾಯಿಯವರು ಇನ್ನೂ ಒಪ್ಪಿಲ್ಲ. ವೈದ್ಯರು ಹೇಳುವಾಗ ಅವರನ್ನು ಹೊರಗೆ ಕೂರಿಸಬೇಕೇ?

ಉತ್ತರ: ನಿವೃತ್ತ ಶುಶ್ರೂಷಕಿ, ದಾವಣಗೆರೆ

ಬೇಡ, ಒಳಗೇ ಇರಲಿ, ತಂದೆಯವರ ಪಕ್ಕದಲ್ಲೇ ಕೂರಲಿ. ಆರು ವಾರ ನಳಿಗೆಯಲ್ಲಿ ಗಂಜಿ ಹಾಕುವವರು ಅವರೇ ಅಲ್ಲವೇ? ಅತ್ತರೆ ಅಳಲಿ, ವೈದ್ಯರಿಗೆ ಅದು ಹೊಸದಲ್ಲ. ಹೊರರೋಗಿಗಳ ಗದ್ದಲ ಮುಗಿದ ಮೇಲಿನ ಹೊತ್ತನ್ನು ಕೇಳಿ ಪಡೆಯಿರಿ, ಮತ್ತು ವೈದ್ಯರು ತಂದೆಯವರನ್ನು ಕೇಳಿದ ಪ್ರಶ್ನೆಗೆ ನೀವಾಗಲಿ ಅಣ್ಣನಾಗಲಿ ನಡುವೆ ಬಾಯಿ ಹಾಕಿ ಉತ್ತರ ಕೊಡಬೇಡಿ.