ಮಾಹಿತಿ ಸುರಕ್ಷತೆಯ ಪ್ರಶ್ನೋತ್ತರ: ಫೋನ್, ಟಿವಿ, ಕ್ಯಾಮೆರಾ, ಖಾತೆಗಳು

ಪ್ರಶ್ನೆ: ಸರ್, ಮನೆಯಲ್ಲಿ ಯಾವುದಾದರೂ ವಸ್ತುವಿನ ಬಗ್ಗೆ ಮಾತನಾಡಿದರೆ ಸ್ವಲ್ಪ ಹೊತ್ತಿಗೇ ಫೋನಿನಲ್ಲಿ ಅದರದೇ ಜಾಹೀರಾತು ಬರುತ್ತದೆ. ನಾನು ಅದನ್ನು ಹುಡುಕಿದ್ದೂ ಇಲ್ಲ. ಫೋನ್ ಕದ್ದು ಕೇಳುತ್ತಿದೆ ಎಂದೇ ಅಲ್ಲವೇ?

ಉತ್ತರ: ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಬಹುಮಟ್ಟಿಗೆ ಇಲ್ಲ ಎಂಬುದೇ ನನ್ನ ಉತ್ತರ. 2018ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 17 ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರಿಶೀಲಿಸಿದರು. ಗುಟ್ಟಾಗಿ ಮೈಕ್ ತೆರೆದು ಮಾತನ್ನು ಹೊರಗೆ ಕಳುಹಿಸುವುದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ಸಿಕ್ಕಿದ್ದು ಬೇರೆಯದೇ: ಬಳಕೆದಾರರಿಗೆ ತಿಳಿಸದೆ ಪರದೆಯ ಮೇಲೆ ನಡೆಯುವುದನ್ನು ವಿಡಿಯೊ ಮಾಡಿ ಇನ್ನೊಂದು ಕಂಪನಿಗೆ ರವಾನಿಸುವ ಚಾಳಿ.

ನೀವು ಹುಡುಕದಿದ್ದರೂ, ನಿಮ್ಮ ಜೊತೆ ಮಾತನಾಡಿದವರು ಅದೇ ವೈಫೈನಲ್ಲಿ ಹುಡುಕಿರಬಹುದು. ಜಾಹೀರಾತು ಜಾಲಗಳಿಗೆ ಒಂದು ಮನೆಯ ಫೋನ್‌ಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸಲು ಅಷ್ಟು ಸಾಕು. ಅಂಗಡಿಯಲ್ಲಿ ಬಿಲ್ಲಿಗೆ ಕೊಟ್ಟ ಮೊಬೈಲ್ ಸಂಖ್ಯೆ, ನೀವು ಹೋಗಿಬಂದ ಜಾಗಗಳು, ಗೆಳೆಯರ ಸಂಪರ್ಕ ಪಟ್ಟಿ ಎಲ್ಲವೂ ಇದಕ್ಕೆ ಕೂಡುತ್ತವೆ. ಮಾತು ಕೇಳುವ ಅಗತ್ಯವೇ ಇಲ್ಲದಷ್ಟು ಮಾಹಿತಿ ಅವರ ಬಳಿ ಇದೆ ಎಂಬುದು ನನಗಂತೂ ಹೆಚ್ಚು ಕಿರಿಕಿರಿಯ ವಿಷಯ. ಆದರೂ ಸೆಟ್ಟಿಂಗ್ಸ್‌ಗೆ ಹೋಗಿ ಮೈಕ್ ಅನುಮತಿ ಯಾವ ಯಾವ ಆ್ಯಪ್‌ಗಳಿಗೆ ಇದೆ ಎಂದು ನೋಡಿ. ಟಾರ್ಚ್ ಆ್ಯಪ್‌ಗೆ ಮೈಕ್ ಏಕೆ?

ಪ್ರಶ್ನೆ: ಹಾಗಾದರೆ ಸ್ಮಾರ್ಟ್ ಟಿವಿ? ಅದೂ ನಮ್ಮನ್ನು ನೋಡುತ್ತದೆ ಎನ್ನುತ್ತಾರೆ.

ಉತ್ತರ: ನಿಮ್ಮನ್ನಲ್ಲ, ನೀವು ನೋಡುವುದನ್ನು ನೋಡುತ್ತದೆ. ಪರದೆಯ ಚಿತ್ರದ ಸಣ್ಣ ಸಣ್ಣ ತುಣುಕುಗಳನ್ನು ಆಗಾಗ ತೆಗೆದು, ಸರ್ವರ್‌ನಲ್ಲಿರುವ ಸಂಗ್ರಹದೊಡನೆ ಹೋಲಿಸಿ, ಯಾವ ಕಾರ್ಯಕ್ರಮ ಓಡುತ್ತಿದೆ ಎಂದು ಗುರುತಿಸುವ ವ್ಯವಸ್ಥೆ ಅದು. ಲ್ಯಾಪ್‌ಟಾಪನ್ನು ಕೇಬಲ್ಲಿನಲ್ಲಿ ಜೋಡಿಸಿ ನೋಡಿದರೂ ಎಷ್ಟೋ ಟಿವಿಗಳು ಬಿಡುವುದಿಲ್ಲ. ವಿಜಿಯೊ ಕಂಪನಿ ಸುಮಾರು 1.1 ಕೋಟಿ ಟಿವಿಗಳಿಂದ ಹೀಗೆ ವೀಕ್ಷಣೆಯ ವಿವರ ಸಂಗ್ರಹಿಸಿದ್ದಕ್ಕಾಗಿ 2017ರಲ್ಲಿ ಅಮೆರಿಕದ ಅಧಿಕಾರಿಗಳಿಗೆ 22 ಲಕ್ಷ ಡಾಲರ್ ಕೊಟ್ಟು ಪ್ರಕರಣ ಮುಗಿಸಿಕೊಂಡಿತು. ಟಿವಿಯ ಗೌಪ್ಯತೆಯ ಸೆಟ್ಟಿಂಗಿನಲ್ಲಿ ಇದನ್ನು ಆಫ್ ಮಾಡಬಹುದು. ಪ್ರತಿ ತಯಾರಕರೂ ಅದಕ್ಕೊಂದು ಸಭ್ಯ ಹೆಸರಿಟ್ಟು ಮೂರು ಮೆನು ಕೆಳಗೆ ಹುದುಗಿಸಿರುತ್ತಾರೆ, ತಾಳ್ಮೆಯಿಂದ ಹುಡುಕಿ.

ಪ್ರಶ್ನೆ: ಸ್ನೇಹಿತರೊಬ್ಬರು ಬಳಸಿದ ವೈಫೈ ಕ್ಯಾಮೆರಾ ಕೊಟ್ಟಿದ್ದಾರೆ. ಪಾಸ್‌ವರ್ಡ್ ಬದಲಿಸಿದರೆ ಸಾಕೇ?

ಉತ್ತರ: ಯಾವ ಪಾಸ್‌ವರ್ಡ್ ಎನ್ನುವುದೇ ಇಲ್ಲಿ ಮುಖ್ಯ. ವೈಫೈಯದು ಬೇರೆ, ಕ್ಯಾಮೆರಾದ ಒಳಗೆ ಲಾಗಿನ್ ಆಗುವುದು ಬೇರೆ, ಆ್ಯಪ್ ಖಾತೆಯದು ಮತ್ತೂ ಬೇರೆ. ಕ್ಯಾಮೆರಾ ಇನ್ನೂ ನಿಮ್ಮ ಸ್ನೇಹಿತರ ಖಾತೆಗೇ ಕಟ್ಟಿಕೊಂಡಿದ್ದರೆ ನೀವು ಬೇರೆ ಏನು ಬದಲಿಸಿದರೂ ಅವರ ಫೋನಿನಲ್ಲಿ ನಿಮ್ಮ ಹಜಾರ ಕಾಣುತ್ತಿರುತ್ತದೆ. ಅವರಿಗೆ ಕೆಟ್ಟ ಉದ್ದೇಶ ಇರಬೇಕೆಂದೇನಿಲ್ಲ, ಆ್ಯಪ್ ತೆಗೆದುಹಾಕಲು ಮರೆತಿದ್ದರೂ ಸಾಕು. ಮೊದಲು ಅವರಿಂದಲೇ ಖಾತೆಯಿಂದ ಕ್ಯಾಮೆರಾವನ್ನು ತೆಗೆಸಿ, ನಂತರ ರೀಸೆಟ್ ಮಾಡಿ, ಆಮೇಲೆ ನಿಮ್ಮ ಖಾತೆಗೆ ಸೇರಿಸಿ.

ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಉಳಿಸಿಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ 2016ರ ಮಿರಾಯ್ ಸಾಕ್ಷಿ. ಆ ಕುತಂತ್ರಾಂಶದ ಬಳಿ ಇದ್ದದ್ದು ಸುಮಾರು 60 ಸಿದ್ಧ ಹೆಸರು-ಪಾಸ್‌ವರ್ಡ್ ಜೋಡಿಗಳು, ಅಷ್ಟೇ. ಅವುಗಳಿಂದಲೇ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡಿತು. ಅಂಥ ಉಪಕರಣಗಳ ದಂಡಿನಿಂದ ಆ ವರ್ಷದ ಅಕ್ಟೋಬರಿನಲ್ಲಿ ವೆಬ್‌ಸೈಟ್‌ಗಳ ಹೆಸರಿಗೆ ಇಂಟರ್ನೆಟ್ ವಿಳಾಸ ಹುಡುಕಿಕೊಡುವ ಡಿನ್ ಎಂಬ ಕಂಪನಿಯ ಸರ್ವರ್‌ಗಳ ಮೇಲೆ ದಾಳಿ ನಡೆದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳೂ ಅನೇಕರಿಗೆ ಸಿಗಲಿಲ್ಲ. ಮಿರಾಯ್ ಮೆಮೊರಿಯಲ್ಲಷ್ಟೇ ಇರುತ್ತಿತ್ತು, ಉಪಕರಣವನ್ನು ಆಫ್ ಮಾಡಿ ಆನ್ ಮಾಡಿದರೆ ಅಳಿಸಿಹೋಗುತ್ತಿತ್ತು. ಪಾಸ್‌ವರ್ಡ್ ಮಾತ್ರ ಹಳೆಯದೇ ಆಗಿದ್ದರಿಂದ ಬೇಗನೆ ಮತ್ತೆ ಬಂದು ಕೂರುತ್ತಿತ್ತು.

ಇನ್ನೊಬ್ಬ ಸದಸ್ಯರು: ನಮ್ಮ ಮನೆಯಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಯಾರು ನೋಡಿದರೆ ನನಗೇನು?

ಉತ್ತರ: ಮಿರಾಯ್‌ಗೆ ಬೇಕಿದ್ದದ್ದು ನಿಮ್ಮ ಗುಟ್ಟಲ್ಲ ಸ್ವಾಮಿ, ನಿಮ್ಮ ಇಂಟರ್ನೆಟ್ ಸಂಪರ್ಕ.

ಪ್ರಶ್ನೆ: ಹೆಸರು ತೋರಿಸದೆ ಕೇಳುತ್ತಿದ್ದೇನೆ. ಪತಿಯಿಂದ ಬೇರೆಯಾಗಿದ್ದೇನೆ. ನಾನು ಎಲ್ಲಿಗೆ ಹೋದರೂ ಅವರಿಗೆ ತಿಳಿಯುತ್ತಿದೆ. ಫೋನ್ ಹ್ಯಾಕ್ ಆಗಿದೆಯೇ?

ಉತ್ತರ: ಮೇಡಂ, ಹ್ಯಾಕ್ ಆಗಿರಲೇಬೇಕೆಂದಿಲ್ಲ. ಇಂಥ ಪ್ರಕರಣಗಳಲ್ಲಿ ಬೀಗ ಒಡೆದು ಒಳಗೆ ಬಂದವರಿಗಿಂತ, ಹಿಂದೆ ಕೊಟ್ಟ ಕೀಲಿಯನ್ನು ಇನ್ನೂ ಇಟ್ಟುಕೊಂಡವರೇ ಹೆಚ್ಚು. ಮ್ಯಾಪ್ಸ್‌ನಲ್ಲಿ ಎಂದೋ ಆನ್ ಮಾಡಿದ ಸ್ಥಳ ಹಂಚಿಕೆ, ಕುಟುಂಬದ ಗುಂಪು ಖಾತೆ, ಅವರ ಹಳೆಯ ಟ್ಯಾಬ್ಲೆಟ್‌ನಲ್ಲಿ ಇನ್ನೂ ತೆರೆದಿರುವ ನಿಮ್ಮ ಇಮೇಲ್, ಕಾರಿನ ಆ್ಯಪ್ ಇವೆಲ್ಲವನ್ನೂ ನೋಡಬೇಕು. ಮಕ್ಕಳಿದ್ದರೆ ಅವರ ಫೋನನ್ನೂ ನೋಡಿ, ಅದನ್ನು ಯಾರೂ ಅನುಮಾನಿಸುವುದಿಲ್ಲ.

ಆದರೆ ಎಲ್ಲವನ್ನೂ ಒಮ್ಮೆಗೇ ಕಡಿಯಬೇಡಿ. ಸ್ಥಳ ಕಾಣುವುದು ಥಟ್ಟನೆ ನಿಂತರೆ ಅವರಿಗೆ ಅದು ಗೊತ್ತಾಗುತ್ತದೆ. ಅವರಿಂದ ಹಿಂಸೆಯ ಭಯ ನಿಮಗಿದ್ದರೆ ಮೊದಲು ನಂಬಿಕಸ್ಥರೊಡನೆ ಅಥವಾ ಮಹಿಳಾ ಸಹಾಯ ಕೇಂದ್ರದವರೊಡನೆ ಮಾತನಾಡಿ ಸುರಕ್ಷಿತ ಜಾಗವನ್ನು ಗೊತ್ತುಮಾಡಿಕೊಳ್ಳಿ. ಆ ಮಾತುಕತೆಗೆ ಈ ಫೋನ್ ಬೇಡ, ಬೇರೆಯವರದನ್ನು ಬಳಸಿ. ಸ್ಕ್ರೀನ್‌ಶಾಟ್‌ಗಳನ್ನು ಉಳಿಸಿಕೊಳ್ಳಿ, ದೂರು ಕೊಡುವಾಗ ಬೇಕಾಗುತ್ತವೆ. ಬದಲಿಸುವ ಹೊತ್ತು ಬಂದಾಗ ಇಮೇಲಿನಿಂದ ಆರಂಭಿಸಿ, ಏಕೆಂದರೆ ಉಳಿದ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ಅಲ್ಲಿಗೇ ಬರುತ್ತದೆ. ಅದರಲ್ಲಿ ಮರುಪಡೆಯುವ ಸಂಖ್ಯೆಯಾಗಿ ಅವರ ಮೊಬೈಲ್ ಉಳಿದಿದೆಯೇ ನೋಡಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ಚೀಲದಲ್ಲೋ ಕಾರಿನಲ್ಲೋ ಪುಟ್ಟ ಬ್ಲೂಟೂತ್ ಟ್ರ್ಯಾಕರ್ ಇಟ್ಟಿರುವ ಸಾಧ್ಯತೆಯೂ ಇದೆ. 2024ರ ಮೇ ತಿಂಗಳಿನಿಂದ ಐಫೋನ್ ಮತ್ತು ಆಂಡ್ರಾಯ್ಡ್ ಎರಡರಲ್ಲೂ, ಅಪರಿಚಿತ ಟ್ರ್ಯಾಕರ್ ನಿಮ್ಮೊಡನೆ ಸಾಗುತ್ತಿದ್ದರೆ ಎಚ್ಚರಿಕೆ ನೀಡುವ ಸಮಾನ ವ್ಯವಸ್ಥೆ ಬರತೊಡಗಿದೆ. ಬ್ಲೂಟೂತ್ ಆನ್ ಇರಲಿ, ಫೋನ್ ಅಪ್‌ಡೇಟ್ ಆಗಿರಲಿ. ಹೆಚ್ಚಿನ ವಿವರ ಇದ್ದರೆ ಇಲ್ಲಿ ಬರೆಯಬೇಡಿ, ಈ ಗುಂಪಿನಲ್ಲಿ ಯಾರಿದ್ದಾರೆಂದು ನಿಮಗೂ ತಿಳಿಯದು, ನನಗೂ ತಿಳಿಯದು.

ಪ್ರಶ್ನೆ: ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸುವುದು ಒಳ್ಳೆಯದಲ್ಲವೇ?

ಉತ್ತರ: ಬೇಡ. ಹಾಗೆ ಒತ್ತಾಯಿಸಬಾರದೆಂದು ತಂತ್ರಜ್ಞಾನದ ಮಾನದಂಡಗಳನ್ನು ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿದೆ. ಒತ್ತಾಯಿಸಿದರೆ ಜನ ಕೊನೆಯ ಅಂಕಿಯನ್ನು ಒಂದರಷ್ಟು ಏರಿಸಿ ಕೈತೊಳೆದುಕೊಳ್ಳುತ್ತಾರೆ. ಸೋರಿಕೆಯಾದ ಸುಳಿವು ಸಿಕ್ಕಾಗ ಬದಲಿಸಿ. ಒಂದೇ ಪಾಸ್‌ವರ್ಡನ್ನು ಎರಡು ಕಡೆ ಬಳಸಬೇಡಿ.

ಪ್ರಶ್ನೆ: ನಮ್ಮ ರೂಟರ್ ಬಹಳ ಹಳೆಯದು, ಆದರೆ ಚೆನ್ನಾಗಿ ಓಡುತ್ತಿದೆ. ಬದಲಿಸಬೇಕೇ?

ಉತ್ತರ: ಓಡುತ್ತಿದೆಯೇ ಎಂಬುದಲ್ಲ, ತಯಾರಕರು ಇನ್ನೂ ಅದಕ್ಕೆ ಭದ್ರತಾ ಅಪ್‌ಡೇಟ್ ಕೊಡುತ್ತಿದ್ದಾರೆಯೇ ಎಂಬುದನ್ನು ನೋಡಬೇಕು. ನಿಲ್ಲಿಸಿದ್ದರೆ ಬದಲಿಸಿ. ಮಾದರಿ ಸಂಖ್ಯೆ ರೂಟರಿನ ಅಡಿಯ ಚೀಟಿಯಲ್ಲಿರುತ್ತದೆ. ಅದನ್ನು ಇಲ್ಲಿ ಟೈಪ್ ಮಾಡಿ, ನೋಡಿ ಹೇಳುತ್ತೇನೆ. ಚೀಟಿಯ ಫೋಟೊ ಮಾತ್ರ ಹಾಕಬೇಡಿ, ಪಾಸ್‌ವರ್ಡ್ ಕೂಡ ಅದರಲ್ಲೇ ಅಚ್ಚಾಗಿರುತ್ತದೆ.