4294967297: ಆಧಾರ 2ರ ಪರೀಕ್ಷೆಯಲ್ಲಿ ಪಾಸಾದರೂ ಅವಿಭಾಜ್ಯ ಅಲ್ಲ, ಯಾಕೆ?

ರಘು_ಕೋಡ್: N = 4294967297, ಅಂದರೆ 2^32+1. ಸಂಖ್ಯೆ ಅವಿಭಾಜ್ಯವೇ ಎಂದು ನೋಡುವ ಮಿಲ್ಲರ್–ರಾಬಿನ್ ಪರೀಕ್ಷೆಯನ್ನು ಆಧಾರ 2 ಇಟ್ಟು (ಅಂದರೆ 2ರ ಘಾತಗಳನ್ನು N ನಿಂದ ಭಾಗಿಸಿ ಶೇಷ ನೋಡುತ್ತಾ) ಓಡಿಸಿದರೆ ಪಾಸಾಗುತ್ತದೆ. ಆದರೆ ಅದು 641 × 6700417 ಅಂತ ಆಯ್ಲರ್ 1732ರಲ್ಲೇ ತೋರಿಸಿದ್ದಾರೆ. ಇಂಥ ಪರೀಕ್ಷೆ ಯಾಕೆ ಬೇಕು? ಸಣ್ಣ ಅವಿಭಾಜ್ಯಗಳಿಂದ ಭಾಗಿಸುತ್ತಾ ಹೋಗುವುದೇ ವಾಸಿ.

ವಸುಧಾ: ತಪ್ಪು ಪರೀಕ್ಷೆಯದಲ್ಲ, ಆಧಾರದ್ದು. 2ನ್ನು ಐದು ಸಲ ವರ್ಗ ಮಾಡಿದರೆ 2^32. ಅದು N−1, ಅಂದರೆ ಶೇಷ −1. ವರ್ಗ ಮಾಡುತ್ತಾ ಹೋಗುವಾಗ ಶೇಷ −1 ಬಂದರೆ ಪಾಸು ಅನ್ನುವುದು ನಿಯಮ, ಹಾಗಾಗಿ ಪರೀಕ್ಷೆ ಅಲ್ಲೇ ಒಪ್ಪಿಬಿಡುತ್ತದೆ. 2^(2^n)+1 ರೂಪದ, ಅಂದರೆ ಫರ್ಮಾ ಸಂಖ್ಯೆಗಳಲ್ಲಿ ಯಾವ ಸಂಯುಕ್ತ ಸಂಖ್ಯೆ ಕೊಟ್ಟರೂ ಆಧಾರ 2 ಹೀಗೇ ಮೋಸಹೋಗುತ್ತದೆ. 3 ಇಡಿ. ಫರ್ಮಾ ಸಂಖ್ಯೆಗಳಿಗೆಂದೇ ಇರುವ ಪೆಪಿನ್ ಪರೀಕ್ಷೆಯಂತೆ (1877) 3ನ್ನು 31 ಸಲ ವರ್ಗ ಮಾಡಿ, ಪ್ರತಿ ಸಲವೂ N ನಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಿ. N ಅವಿಭಾಜ್ಯವಾಗಿದ್ದರೆ ಕೊನೆಗೆ −1 ಬರಬೇಕಿತ್ತು, ಬರುವುದು 10324303. ಸಂಯುಕ್ತ, ಸಂದೇಹವೇ ಇಲ್ಲ.

ಭಾಜಕ: ಕೋಡ್ ಬರೆಯುವವರು ಗಮನಿಸಿ. 32 ಬಿಟ್‌ನ ಅನ್‌ಸೈನ್ಡ್ ವೇರಿಯೇಬಲ್‌ನಲ್ಲಿ N ಇಟ್ಟರೆ ಅದು 1 ಆಗಿಬಿಡುತ್ತದೆ. 64 ಬಿಟ್ ಸಾಕು ಅನ್ನಿಸುತ್ತದೆ, ಸಾಲದು: ಶೇಷ 2^32 ಬಂದಾಗ ವರ್ಗ 2^64, ಅದು 0 ಆಗುತ್ತದೆ. ಬೇರೆ ಯಾವ ಶೇಷದ ವರ್ಗಕ್ಕೂ ಹೀಗಾಗದ ಕಾರಣ ಈ ದೋಷ ಬೇಗ ಕಣ್ಣಿಗೆ ಬೀಳದು. ಗುಣಾಕಾರಕ್ಕೆ 128 ಬಿಟ್ ಬಳಸಿ.

ರಘು_ಕೋಡ್: ಸರಿ ಮೇಡಂ, ಆದರೆ ಪೆಪಿನ್ ಅಪವರ್ತನ ಕೊಡುವುದಿಲ್ಲವಲ್ಲ. ಭಾಗಾಕಾರ 641 ಕೊಡುತ್ತದೆ.

ವಸುಧಾ: ಇಲ್ಲಿ ಕೊಡುತ್ತದೆ, ನಿಜ. 2^(2^24)+1 ಸಂಯುಕ್ತ ಅಂತ 1999ರಲ್ಲಿ ತಿಳಿದದ್ದು ಪೆಪಿನ್ ಪರೀಕ್ಷೆಯಿಂದಲೇ, ಆಗ ಅದರ ಒಂದು ಅಪವರ್ತನವೂ ಸಿಕ್ಕಿರಲಿಲ್ಲ. ಇನ್ನು ಭಾಗಾಕಾರವನ್ನೂ ಕುರುಡಾಗಿ ಮಾಡಬೇಕಿಲ್ಲ. p ಎಂಬ ಅವಿಭಾಜ್ಯ N ಅನ್ನು ಭಾಗಿಸಿದರೆ, 2ರ ಘಾತಗಳ ಶೇಷ ಮೊದಲ ಸಲ 1 ಆಗುವುದು 64ನೇ ಘಾತದಲ್ಲಿ. ಹಾಗಾಗಿ p−1 ಅನ್ನು 64 ಭಾಗಿಸಲೇಬೇಕು. ಫ್ರೆಂಚ್ ಗಣಿತಜ್ಞ ಲೂಕಾಸ್ ಅದನ್ನು 128ಕ್ಕೆ ಏರಿಸಿದರು. 128k+1 ರೂಪದ ಅವಿಭಾಜ್ಯಗಳಲ್ಲಿ ಮೊದಲನೆಯದು 257. N−2 = 3·5·17·257·65537 ಆದ್ದರಿಂದ 257ಕ್ಕೆ ಶೇಷ 2. ಎರಡನೆಯದೇ 641! ಕಾಗದದ ಮೇಲೂ ತಾಳೆ ನೋಡಬಹುದು. 641 = 5·2^7+1, ಹಾಗಾಗಿ 5·2^7ರ ಶೇಷ −1; ನಾಲ್ಕನೇ ಘಾತಕ್ಕೆ ಏರಿಸಿದರೆ 5^4·2^28ರ ಶೇಷ 1. 641 = 5^4+2^4 ಕೂಡ ಹೌದು, ಆದ್ದರಿಂದ 5^4 ಜಾಗದಲ್ಲಿ −2^4 ಹಾಕಿ: −2^32ರ ಶೇಷ 1. ಅಂದರೆ 2^32+1ರ ಶೇಷ ಸೊನ್ನೆ.

ರಘು_ಕೋಡ್: ಇದು ಚೆನ್ನಾಗಿದೆ. 6700417 ಅವಿಭಾಜ್ಯ ಅನ್ನುವುದಕ್ಕೆ?

ಭಾಜಕ: ಅದೇ ಜರಡಿ ಸಾಕು: 6700417 ಅನ್ನು ಭಾಗಿಸುವ ಅವಿಭಾಜ್ಯ N ಅನ್ನೂ ಭಾಗಿಸುತ್ತದೆ, ಹಾಗಾಗಿ 128k+1 ರೂಪದವನ್ನಷ್ಟೇ ನೋಡಿ. ವರ್ಗಮೂಲ 2589ರ ಒಳಗೆ. 257 ಆಗಲೇ ಹೋಯಿತು. ಉಳಿದದ್ದು 641, 769, 1153, 1409 ಮಾತ್ರ. ಶೇಷಗಳು ಕ್ರಮವಾಗಿ 44, 120, 334, 622.